ಟಿ.ವಿ. ಮೇಲೆ ಹೊದಿಸಿದ ಟವೆಲ್ಲು

ಮೋರಟಗಿಯ ಸೋಮನಿಂಗ ಹಾಲು ಕುಡಿಯುವ ಮೊದಲೂ ಲೋಟದೊಳಗೆ ಬೆರಳು ಅದ್ದಿ ನೋಡುವ ಮನುಷ್ಯ. ಎತ್ತಿನ ಸಂತೆಯಲ್ಲಿ ದಲಾಲಿ ಮಾಡುತ್ತಲೇ ತಲೆ ಬೆಳ್ಳಗಾಗಿತ್ತು. ಕುಂಟುವ ಎತ್ತನ್ನು ನಸುಕಿನಲ್ಲೇ ನಾಲ್ಕು ಸುತ್ತು ನಡೆಸಿ, ಕಾಲು ಸಡಿಲಾಗಿ ಕುಂಟು ಮರೆಯಾದ ಮೇಲೆ ಸಂತೆಗೆ ತರುವವರನ್ನು ಅವನು ಕಂಡಿದ್ದ. ಹೀಗಾಗಿ ನೆಟ್ಟಗೆ ನಡೆಯುವ ಎತ್ತಿನ ಮೇಲೇ ಅವನಿಗೆ ಅನುಮಾನ ಜಾಸ್ತಿ. ಸಂತೆ ಇನ್ನೊಂದು ಪಾಠವನ್ನೂ ಕಲಿಸಿತ್ತು: ವ್ಯಾಪಾರ ಮುಗಿಯುವ ತನಕ ಯಾವುದನ್ನೂ ಹೊಗಳಬಾರದು, ಹೊಗಳಿದರೆ ದರ ಏರುತ್ತದೆ. ಈ ಚಾಳಿ ಮನೆಯೊಳಗೂ ಬಂದು, ಹೆಂಡತಿ ತಿಪ್ಪವ್ವ ಎಂಥ ಅಡುಗೆ ಮಾಡಿ ಬಡಿಸಿದರೂ ಬರೀ "ಹೂಂ" ಅನ್ನುತ್ತಿದ್ದ. ಪಕ್ಕದ ಮನೆಯವಳಾದ ನನಗೆ ಆ "ಹೂಂ" ಕೇಳಿದರೆ ಮೈ ಉರಿಯುತ್ತಿತ್ತು.

2003ರ ಬೇಸಿಗೆಯಲ್ಲಿ ಅವನ ಮಗ ಸಂಗು ತನ್ನ ಐದು ವರ್ಷದ ಮಗಳು ರಾಜಶ್ರೀಗೆಂದು ಸಿಂದಗಿಯಿಂದ ಒಂದು ಡಬ್ಬಿ ತಂದ. ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮು. ಆದರೆ ಮಕ್ಕಳಿಗೆ ಲೆಕ್ಕ, ಅಕ್ಷರ ಕಲಿಸುವ ಗೇಮು ಎಂದು ಅಂಗಡಿಯವನು ಹೇಳಿದ್ದ. ತೆರೆಯ ಮೇಲೆ ಕೋಳಿಗಳು ಬರುತ್ತವೆ, ಎಷ್ಟಿವೆಯೋ ಆ ಅಂಕಿಯ ಗುಂಡಿ ಒತ್ತಬೇಕು. ಸರಿಯಾದರೆ ಚಪ್ಪಾಳೆ. ಸಿಂದಗಿಯ ಇಂಗ್ಲಿಷ್ ಶಾಲೆಯೊಂದಕ್ಕೆ ಸೇರಿಸಲು ಕೂಸಿನ ಸಂದರ್ಶನ ಹತ್ತಿರ ಬಂದಿತ್ತು. ರಾಜಶ್ರೀ ಬಲುಬೇಗ ಒಂದೂ ತಪ್ಪಿಲ್ಲದೆ ಗುಂಡಿ ಒತ್ತತೊಡಗಿದಳು. ಸಂಗು ಅದನ್ನು ಊರ ತುಂಬ ಹೇಳಿಕೊಂಡು ಬಂದ.

"ಒಂದೂ ತಪ್ಪಂಗಿಲ್ಲಲ್ಲೋ! ಎಲ್ಲೋ ಮೋಸ ಐತಿ," ಎಂದ ಸೋಮನಿಂಗ.

"ನಿನಗ ದೇವರ ಮ್ಯಾಲೂ ಸಂಶೆ ಐತಿ ಬಿಡಪ್ಪಾ," ಸಂಗು ಸಿಡುಕಿದ.

ಮುದುಕ ಗೋಡೆಗೊರಗಿ, ಟಿ.ವಿ. ಬಿಟ್ಟು ಮೊಮ್ಮಗಳ ಕೈಯನ್ನೇ ನೋಡುತ್ತ ಕೂರತೊಡಗಿದ. ಒಂದು ಸಂಜೆ ಎದ್ದವನೇ ಹೆಗಲ ಟವೆಲ್ಲು ತೆಗೆದು ಟಿ.ವಿ. ಮೇಲೆ ಹೊದಿಸಿಬಿಟ್ಟ. ರಾಜಶ್ರೀ ನಿಲ್ಲಿಸಲಿಲ್ಲ. ಕಾಣದ ಕೋಳಿಗಳಿಗೆ ಪಟಪಟ ಗುಂಡಿ ಒತ್ತಿದಳು. ಟವೆಲ್ಲಿನ ಹಿಂದಿನಿಂದ ಚಪ್ಪಾಳೆ ಮೇಲೆ ಚಪ್ಪಾಳೆ! ಯಂತ್ರ ದಿನವೂ ಅವೇ ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಕೇಳುತ್ತಿತ್ತು. ಕೂಸು ಗುಂಡಿಗಳ ಸಾಲನ್ನು ಬಾಯಿಪಾಠ ಮಾಡಿಕೊಂಡಿತ್ತು. ಸಂಗು ಇಂಗು ತಿಂದ ಮಂಗನಾದ. ಸಂದರ್ಶನಕ್ಕೆ ಉಳಿದದ್ದು ಒಂದೇ ವಾರ.

ಸೋಮನಿಂಗ ತನ್ನ ಕಸುಬನ್ನೇ ನೆಚ್ಚಿದ. ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಹೇಳುವಂತೆ, ಮೊಮ್ಮಗಳ ಬೆರಳನ್ನು ಟವೆಲ್ಲಿನಡಿ ಹಿಡಿದು ಎಷ್ಟೆಂದು ಕೇಳುತ್ತಿದ್ದ. ಮೊದಮೊದಲು ಅವಳು ಬಾಯಿಗೆ ಬಂದದ್ದು ಹೇಳಿದಳು. ಆಮೇಲೆ ಪಳಗಿದಳು.

"ಎಷ್ಟು ಬೆರಳು ಹಿಡದೇನಿ?"

"ಮೂರು," ಎಂದಳು. ಸರಿಯಾಗಿಯೇ ಇತ್ತು. ಮುದುಕ ರೂಢಿಯಂತೆ ಸುಮ್ಮನಿದ್ದ. ಅವಳು ಅವನ ಮುಖ ನೋಡಿ, "ಅಲ್ಲ, ನಾಕು... ಅಲ್ಲಲ್ಲ, ಎರಡು," ಎಂದಳು.

"ಮದಲ ಬರೋಬ್ಬರಿ ಹೇಳಿದ್ದಿಯಲ್ಲ, ಯಾಕ ಬದಲಿಸಿದಿ?"

"ಚಪ್ಪಾಳಿ ಬರಲಿಲ್ಲಲ್ಲ ಮುತ್ಯಾ."

ಮುದುಕನಿಗೆ ಆಗ ಹೊಳೆಯಿತು. ಸಂಗು ಮಗಳನ್ನು ಊರಿಗೆಲ್ಲ ಹೊಗಳಿದ್ದ, ಅವಳೆದುರು ಹೊಗಳಿರಲಿಲ್ಲ. ಆ ಮನೆಯಲ್ಲಿ ಕೂಸಿಗೆ ಶಹಬ್ಬಾಸ್ ಎಂದದ್ದು ಆ ಡಬ್ಬಿಯೊಂದೇ. ಇಷ್ಟು ಗೊತ್ತಾದರೂ ಸೋಮನಿಂಗನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಲಿಲ್ಲ, ಅಷ್ಟು ಹಳೆಯ ಚಾಳಿ ಅದು.

ಸಂದರ್ಶನದ ದಿನ ನಾನೂ ಜೊತೆಗೆ ಹೋಗಿದ್ದೆ. ನಾವೆಲ್ಲ ಕಿಟಕಿಯ ಹೊರಗೆ ನಿಂತಿದ್ದೆವು. ಒಳಗೆ ಶಿಕ್ಷಕಿ ಮೇಜಿನ ಮೇಲೆ ಪೆನ್ಸಿಲುಗಳನ್ನಿಟ್ಟು ಎಷ್ಟೆಂದು ಕೇಳಿದಳು.

"ನಾಕ್ರಿ," ಎಂದಳು ರಾಜಶ್ರೀ. ನಾಲ್ಕೇ ಇದ್ದವು. ಶಿಕ್ಷಕಿ ತಲೆ ಎತ್ತದೆ ಏನೋ ಬರೆಯತೊಡಗಿದಳು. ಕೂಸು ಆ ಮುಖವನ್ನೇ ನೋಡಿತು. ಮೆಲ್ಲಗೆ, "ಅಲ್ಲ..." ಎಂದಿತು.

ನನ್ನ ಪಕ್ಕದಲ್ಲಿ ಒಮ್ಮೆಲೇ ಸದ್ದಾಯಿತು. ಸೋಮನಿಂಗ ಕಿಟಕಿಗೆ ಮುಖವಿಟ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಶಾಲೆಯ ಸಿಪಾಯಿ ಓಡಿಬಂದು ಗದರಿದರೂ ನಿಲ್ಲಿಸಲಿಲ್ಲ. ರಾಜಶ್ರೀ ತಿರುಗಿ ನೋಡಿ ನಕ್ಕಳು.

"ನಾಕ ಅದಾವ್ರಿ," ಎಂದಳು, ಈ ಸಲ ಗಟ್ಟಿಯಾಗಿ.

ವ್ಯಾಪಾರ ಮುಗಿಯುವ ಮೊದಲೇ ಸೋಮನಿಂಗ ಹೊಗಳಿದ್ದು ಅದೇ ಮೊದಲು.