ಪಟ್ಟಿಯಲ್ಲಿದ್ದ ಮೂವರು

ಎಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಒಂದು ರಕ್ತನಿಧಿಗೆ ದಾನಿಗಳನ್ನು ಹುಡುಕುವ ಪ್ರೋಗ್ರಾಂ ಬರೆದೆ. ಆಗ ಹೊಸತಾಗಿದ್ದ ಆಬ್ಜೆಕ್ಟ್ ಪದ್ಧತಿ: ಪ್ರತಿ ದಾನಿಯೂ ಒಂದು ಆಬ್ಜೆಕ್ಟ್, ಅಂದರೆ ಮಾಹಿತಿಯ ಒಂದು ಕಟ್ಟು; ಅವನ ರಕ್ತದ ಗುಂಪು ಅದರೊಳಗಿನ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಬೆಳಿಗ್ಗೆ ಎಂಟಕ್ಕೆ ಕೆಲಸ, ಸಂಜೆ ಐದಕ್ಕೆ ಪರೀಕ್ಷೆ. ಒಂದು ದಿನವೂ ತಪ್ಪಿಸಿದವಳಲ್ಲ. ಪರೀಕ್ಷೆಯ ಹತ್ತು ಮಂದಿ ದಾನಿಗಳನ್ನೂ ಹುಡುಕಬೇಕಾದ ಗುಂಪುಗಳನ್ನೂ ಪ್ರೋಗ್ರಾಮಿನೊಳಗೇ ಬರೆದಿಟ್ಟಿದ್ದೆ. ದಿನಾ ಕೈಯಿಂದ ಟೈಪ್ ಮಾಡಿದರೆ ತಪ್ಪು ನುಸುಳುತ್ತದೆ ಎಂಬುದು ನನ್ನ ನಿಯಮ. ಹತ್ತು ಮಂದಿಯೂ ಪ್ರತಿ ಸಂಜೆ ಸಿಗುತ್ತಿದ್ದರು.

ಆ ಹತ್ತು ಮಂದಿಯನ್ನು ತೆಗೆದು ಬಳಕೆಗೆ ಕೊಟ್ಟ ಮೊದಲ ಮಧ್ಯಾಹ್ನವೇ ಕಾರ್ಕಳದಿಂದ ಒಬ್ಬ ಬಾಣಂತಿಯನ್ನು ತಂದರು. ರಕ್ತ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕು, ದಾಸ್ತಾನಿನಲ್ಲಿ ಇಲ್ಲ. ಅವಳ ಅಣ್ಣ ನನ್ನ ಮೇಜಿನೆದುರು ನಿಂತಿದ್ದ. ಗುಂಪು ಒತ್ತಿದೆ. ಪರದೆಯಲ್ಲಿ ಸೊನ್ನೆ ಬಂತು.

"ನಮ್ಮ ಪಟ್ಟಿಯಲ್ಲಿ ಯಾರೂ ಇಲ್ಲ" ಎಂದೆ. ಅವನು ಮಂಗಳೂರಿಗೆ ಓಡಿದ.

ಸ್ವಲ್ಪ ಹೊತ್ತಿಗೆ ರಕ್ತನಿಧಿಯ ಹಿರಿಯ ಟೆಕ್ನಿಷಿಯನ್, ಕಾಪುವಿನ ಬ್ಯಾರಿ ಮುಸ್ಲಿಮರು, ಊಟ ಮುಗಿಸಿ ಬಂದರು.

"ಎಂತ ಮೇಡಂ, ಒಬ್ಬರೂ ಇಲ್ಲವಾ? ನನ್ನ ಭಾವ ಓ ನೆಗೆಟಿವ್. ಮೊನ್ನೆ ನಾನೇ ಕೂತು ಟೈಪ್ ಮಾಡಿದ್ದೇನೆ. ನಿಮ್ಮ ಯಂತ್ರ ಅವನನ್ನು ನುಂಗಿತಾ ಮಾರಾಯ್ರೆ?"

"ಯಂತ್ರ ತಪ್ಪು ಹೇಳುವುದಿಲ್ಲ."

"ಹಾಗಾದರೆ ಭಾವನ ರಕ್ತವೇ ಸುಳ್ಳು ಹೇಳುವುದು, ಅಲ್ವಾ?" ಎನ್ನುತ್ತಾ ಅವರು ಕಾಪುವಿನಲ್ಲಿದ್ದ ಭಾವನನ್ನು ಕರೆಸಲು ಫೋನ್ ಎತ್ತಿದರು.

ಭಾವ ಬರುವಷ್ಟರಲ್ಲಿ ತಪ್ಪು ಕಂಡಿತು. ಎರಡು ಸ್ಟ್ರಿಂಗ್‌ಗಳ ಅಕ್ಷರಗಳು ಒಂದೇ ಆಗಿವೆಯೇ ಎಂದು ನಾನು ಕೇಳಿರಲಿಲ್ಲ. ಎರಡೂ ಮೆಮೊರಿಯ ಒಂದೇ ಜಾಗದಲ್ಲಿವೆಯೇ ಎಂದು ಕೇಳಿದ್ದೆ. ಪ್ರೋಗ್ರಾಮಿನೊಳಗೆ ನಾನು ಬರೆದಿಟ್ಟ 'ಓ ನೆಗೆಟಿವ್' ಎಷ್ಟು ಸಲ ಬಂದರೂ ಯಂತ್ರ ಒಂದೇ ಪ್ರತಿ ಇಟ್ಟುಕೊಳ್ಳುತ್ತಿತ್ತು, ಹಾಗಾಗಿ ನನ್ನ ಹತ್ತು ಮಂದಿ ಸದಾ ಸಿಕ್ಕರು. ಕೀಬೋರ್ಡಿನಿಂದ ಬಂದದ್ದು ಬೇರೆ ಜಾಗಕ್ಕೆ ಹೋಗುತ್ತಿತ್ತು. ಅಕ್ಷರಗಳು ಅವೇ, ಆದರೂ ಹೊಂದುತ್ತಿರಲಿಲ್ಲ. ಒಂದು ಸಾಲು ತಿದ್ದಿ ಮತ್ತೆ ಹುಡುಕಿದೆ. ಮೂವರು. ಅವರಲ್ಲಿ ಒಬ್ಬರು ಉದ್ಯಾವರದವರು, ಕಾಪುವಿಗಿಂತ ಹತ್ತಿರ.

ಭಾವನ ರಕ್ತ ಕೊಟ್ಟರು, ಬಾಣಂತಿ ಉಳಿದಳು. ಗರ್ಭಕೋಶ ತೆಗೆಯಬೇಕಾಯಿತು. ರಕ್ತ ಮೊದಲೇ ಸಿಕ್ಕಿದ್ದರೆ ಅದು ತಪ್ಪುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. "ಹೇಳಲಿಕ್ಕಾಗುವುದಿಲ್ಲ" ಎಂದರು.

ಸಂಜೆ ಅವಳ ಅಣ್ಣ ಮಂಗಳೂರಿನಿಂದ ರಕ್ತವಿದ್ದ ಐಸ್ ಡಬ್ಬಿ ಹಿಡಿದು ಬಂದ. ಕಾಪುವಿನಿಂದ ಜನ ಕರೆಸಿದಿರಂತೆ, ಉಪಕಾರವಾಯಿತು ಎಂದು ನನಗೆ ಕೈ ಮುಗಿದ.

"ಮೂವರು ಇದ್ದರು. ಇಲ್ಲ ಎಂದದ್ದು ನನ್ನ ತಪ್ಪು" ಎಂದೆ.

ಅವನು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ತಂಗಿಯ ವಾರ್ಡಿನ ಕಡೆಗೆ ನಡೆದ.