ಎಡಗಣ್ಣಿನ ಬಂದೂಕು

ಎಂಟನೇ ಕ್ಲಾಸಿನ ದಸರಾ ರಜೆಯಲ್ಲಿ ನಾನು ಹತ್ತು ದಿನದ ಕೆಡೆಟ್ ಕ್ಯಾಂಪಿಗೆ ಹೋಗಿದ್ದೆ. ಒಂದು ಬೆಳಗ್ಗೆ ಹುಡುಗಿಯರನ್ನೆಲ್ಲ ಟಾರ್ಪಾಲಿನ ಮೇಲೆ ಸಾಲಾಗಿ ಬೋರಲು ಮಲಗಿಸಿ, ಒಬ್ಬೊಬ್ಬಳಿಗೂ ಐದೈದು ಗುಂಡು ಕೊಟ್ಟು ಹೊಡೆಸಿದರು. ನನ್ನ ಐದರಲ್ಲಿ ನಾಲ್ಕು ಒಂದೇ ಕಡೆ ಬಿದ್ದಿದ್ದವು, ಒಂದು ರೂಪಾಯಿ ಬಿಲ್ಲೆ ಇಟ್ಟರೆ ನಾಲ್ಕೂ ಮುಚ್ಚಿಹೋಗಬೇಕು, ಹಾಗೆ. ಐದನೆಯದು ಪಕ್ಕದವಳ ಹಾಳೆಯಲ್ಲಿ ಸಿಕ್ಕಿತು. ಕಲಿಸುತ್ತಿದ್ದ ಹವಾಲ್ದಾರರು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, “ಕೋಳಿ ಥರ ಕತ್ತು ಮುರ್ಕೊಂಡು ಯಾಕಮ್ಮ ಹೊಡೀತೀಯ? ಹೊಡೆದ್ರೂ ಹೆಂಗಮ್ಮ ಬೀಳ್ತವೆ ಇವು?” ಅಂದರು. ಕೊನೆಯ ದಿನ ನನ್ನನ್ನು ಕರೆದೊಯ್ಯಲು ಬಂದ ಅಪ್ಪನಿಗೆ, “ಮಗಳಿಗೆ ಒಂದು ಏರ್‌ಗನ್ ಕೊಡಿಸಿ. ಅಭ್ಯಾಸ ಮಾಡಿಸಿ ಜಿಲ್ಲಾ ಸ್ಪರ್ಧೆಗೆ ಕಳಿಸಿ” ಎಂದು ಹೇಳಿಬಿಟ್ಟರು.

ಅಷ್ಟಕ್ಕೇ ನಮ್ಮಪ್ಪ ನೆಲದ ಮೇಲೆ ನಿಲ್ಲದಂತಾದ. ಪಾಂಡವಪುರದ ದನದ ಆಸ್ಪತ್ರೆಯಲ್ಲಿ ಅವನು ಕಾಂಪೌಂಡರ್. ಊರೂರಿಗೆ ಸ್ಕೂಟರಿನಲ್ಲಿ ಹೋಗಿ ಹಸುಗಳಿಗೆ ಸೂಜಿ ಹಾಕುತ್ತಿದ್ದುದರಿಂದ ಸುತ್ತಮುತ್ತಲ ಜನಕ್ಕೆಲ್ಲ ಅವನೇ ಡಾಕ್ಟರು. ಹಸುವಿನ ಬಾಲ ಎತ್ತಿ ಹಿಡಿದುಕೊಂಡೇ ಮಗಳ ಗುರಿಯ ವಿಷಯ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ರೂಪಾಯಿ ಬಿಲ್ಲೆ ನಾಲ್ಕಾಣೆಯಾಯಿತು, ನಾಲ್ಕಾಣೆ ಅಂಗಿಯ ಗುಂಡಿಯಾಯಿತು. ದೀಪಾವಳಿ ಹೊತ್ತಿಗೆ ನಾಲ್ಕು ಗುಂಡೂ ಒಂದೇ ತೂತಿನಲ್ಲಿ ಹೋಗಿದ್ದವು.

“ಎಣ್‌ಮಗೀನ ಕೈಗೆ ಬಂದೂಕ ಕೊಟ್ಟು ಅದ್ಯಾರ್ ಮೇಲೆ ಯುದ್ಧಕ್ಕೆ ಕಳಿಸ್ತೀಯ?” ಎಂದು ಅವ್ವ ಕೇಳಿದಳು.

“ಯುದ್ಧ ಅಲ್ಲ ಕಣಮ್ಮಿ, ಸ್ಪರ್ಧೆ. ಕಾಗದಕ್ಕೆ ಒಡೆಯೋದು.”

“ಕಾಗದಕ್ಕೆ ಒಡೆಯಾಕೆ ಬಂದೂಕ ಯಾಕೆ? ಮೊಳೆ ಒಡೀಲಿ.”

ಅಪ್ಪ ಸ್ಕೂಟರು ಒರೆಸತೊಡಗಿದ. ಆ ಹೊತ್ತಿಗಾಗಲೇ ಎಲ್ಲೆಲ್ಲಿ ಯಾರ ಮನೆಯಲ್ಲಿ ಏರ್‌ಗನ್ ಸುಮ್ಮನೆ ಬಿದ್ದಿದೆ ಎಂಬ ಸುದ್ದಿಗಳು ಹಸುಗಳ ಯಜಮಾನರಿಂದ ಬಂದು ತಲುಪಿದ್ದವು.

ಮೊದಲ ಭಾನುವಾರ ಕೆ.ಆರ್. ಪೇಟೆ ದಾಟಿ ಹೇಮಗಿರಿ ಹತ್ತಿರದ ಒಂದು ತೆಂಗಿನ ತೋಟಕ್ಕೆ ಹೋದೆವು. ತೋಟದ ಯಜಮಾನರು ಕೋತಿ ಕಾಟಕ್ಕೆಂದು ತಂದಿದ್ದ ಬಂದೂಕನ್ನು ಅಟ್ಟದಿಂದ ಇಳಿಸಿದರು. ಹಸಿರು ಬಣ್ಣ ಬಳಿದ, ಊದುಬತ್ತಿಯ ಹಾಗೆ ಹಗುರವಾದ ಬಂದೂಕು. “ನೋಡ್ದಾ, ಎಂಗೆ ಕೈಗೆ ಕುಂತದೆ ನಿಂಗೆ!” ಎಂದು ಅಪ್ಪ ಹಿಗ್ಗಿದ. ಅಷ್ಟರಲ್ಲಿ ಒಳಗಿನಿಂದ ಯಾರೋ ಬಂದು, ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ, ಒಸಿ ನೋಡ್ಬುಟ್ಟು ಬನ್ನಿ ಡಾಕ್ಟ್ರೇ ಎಂದು ಅವನನ್ನು ಎಳೆದುಕೊಂಡು ಹೋದರು.

ಯಜಮಾನರು ಕಲ್ಲುಗೋಡೆಯ ಮೇಲೆ ಒಂದು ಕರಟ ಇಟ್ಟರು. ನಳಿಗೆಯನ್ನು ಮಧ್ಯಕ್ಕೆ ಮಡಚಿ ಸ್ಪ್ರಿಂಗು ಬಿಗಿ ಮಾಡಬೇಕು, ಮೆಣಸಿನ ಕಾಳಿನಷ್ಟು ಸೀಸದ ಗುಂಡು ತುರುಕಿ ಮತ್ತೆ ನೇರ ಮಾಡಬೇಕು. ಮಾಡಿದೆ. ನಳಿಗೆ ಬೀಳುವ ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಉಸಿರು ಹಿಡಿದು ಟ್ರಿಗರ್ ಎಳೆದೆ. ಪುಸ್ ಎಂದು ಸದ್ದಾಯಿತು. ಗುಂಡು ಹೋಗುವುದು ಕಣ್ಣಿಗೆ ಕಾಣಿಸಿತು! ಹೋಯಿತು, ಸ್ವಲ್ಪ ಯೋಚಿಸಿತು, ಗೋಡೆಗಿಂತ ಒಂದು ಮಾರು ಈಚೆಗೇ ಹುಲ್ಲಿಗೆ ಬಿತ್ತು.

“ತಂದಾಗ ಕೋತಿಗೋಳು ಎದರ್ಕತವೆ ಅಂದ್ಕಂಡಿದ್ದೆ ಕಣವ್ವ,” ಎಂದರು ಯಜಮಾನರು. “ಈಗ ಇದ್ನ ಈಚೆಗೆ ತಂದ್ರೆ ಸಾಕು, ಎಲ್ಲಾ ಬಂದು ಕುಂತ್ಕತವೆ. ನೋಡು ಬೇಕಾದ್ರೆ.”

ತಲೆ ಎತ್ತಿದರೆ ನಿಜವಾಗಿಯೂ ಏಳೆಂಟು ಕೋತಿಗಳು ತೆಂಗಿನ ಗರಿಗಳ ಸಂದಿಯಲ್ಲಿ, ಬಯಲಾಟ ನೋಡುವವರ ಹಾಗೆ ಮರಿಗಳನ್ನು ತಬ್ಬಿಕೊಂಡು ಕೂತಿದ್ದವು. ಎಮ್ಮೆಯ ಉಪಚಾರ ಮುಗಿಸಿ ಬಂದ ಅಪ್ಪ, “ಕೊಡಿಲ್ಲಿ, ಮಗೀಗೆ ಶಕ್ತಿ ಸಾಲ್ದು” ಎಂದು ತಾನೇ ಒಂದು ಗುಂಡು ಹೊಡೆದ. ಅದು ನನ್ನದಕ್ಕಿಂತ ಈಚೆಗೇ ಬಿತ್ತು. ಒಂದು ದೊಡ್ಡ ಕೋತಿ ನಿಧಾನವಾಗಿ ಮರದಿಂದಿಳಿದು, ಗೋಡೆಯ ಮೇಲೆ ನಡೆದುಬಂದು, ನಾವು ಗುರಿಯಿಟ್ಟಿದ್ದ ಕರಟವನ್ನೇ ಎತ್ತಿಕೊಂಡು ವಾಪಸು ಹೋಯಿತು. ನನಗೆ ಬಂದ ನಗು ಬಿಕ್ಕಳಿಕೆಗೆ ತಿರುಗಿ ಅರ್ಧ ಗಂಟೆ ನಿಲ್ಲಲಿಲ್ಲ. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ಸುಮ್ಕೆ ತಕೊಂಡೋಗಿ ಡಾಕ್ಟ್ರೇ” ಎಂದರು ಯಜಮಾನರು. “ಬ್ಯಾಡಿ, ಕೋತಿಗೋಳಿಗೆ ಬ್ಯಾಸ್ರ ಆಯ್ತದೆ” ಎಂದ ಅಪ್ಪ.

ವಾಪಸು ಬರುವಾಗ ನಾಗಮಂಗಲದ ಕಡೆ ತಿರುಗಿಕೊಂಡು ಹೊಣಕೆರೆಯ ಅಜ್ಜಿ ಮನೆಯಲ್ಲಿ ಮುದ್ದೆ, ಉಪ್ಸಾರು ಉಂಡೆವು. ಅಪ್ಪನ ಅವ್ವ ಅವಳು, ಗಟ್ಟಿ ಮುದುಕಿ. ಕೋತಿಯ ಕತೆ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಮಗನಿಗೆ ಹೇಳಿದಳು: “ಕುಯ್ಲಿಗೆ ಓಗೋ ಐಕ್ಳಿಗೆ ಕುಡ್ಲು ಕೊಡೋವಾಗ ಕೈ ನೋಡಿ ಕೊಡ್ತೀವಿ. ನೀನು ಊರೋರ ಅಟ್ಟ ನೋಡ್ಕಂಡು ತಿರಗ್ತಿದ್ದೀಯಲ್ಲ, ಮಗೀನ ಕೈ ನೋಡ್ದೇನ್ಲಾ?” ಹಾಗೆಂದು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿ, “ನೋಡು, ಈ ಎಡಗೈ ಇನ್ನೂ ದಪ್ಪ ಅದೆ. ಮೂರು ವರ್ಸದ್ದಾಗಿದ್ದಾಗ ಎಡಗೈಲೇ ಉಣ್ಣೋಳು. ನಾನೇ ಬೇವಿನೆಣ್ಣೆ ಬಳ್ದು, ಲಂಗದ ಲಾಡಿಗೆ ಕಟ್ಟಾಕಿ ಸರಿಮಾಡ್ದೆ” ಎಂದು ಹೆಮ್ಮೆಯಿಂದ ಹೇಳಿಕೊಂಡಳು. ನನಗೆ ಅದು ನೆನಪಿರಲಿಲ್ಲ. ಬೇವಿನ ವಾಸನೆಗೆ ಯಾಕೆ ಸಿಟ್ಟು ಬರುತ್ತದೆ ಎಂಬುದು ಮಾತ್ರ ಅವತ್ತು ಗೊತ್ತಾಯಿತು.

ಎರಡನೆಯ ಭಾನುವಾರ ಬೆಳಗೊಳ. ಅಲ್ಲಿ ನಾಲೆ ಕೆಲಸದಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರೊಬ್ಬರ ಮನೆಯ ನಡುಕೋಣೆಯಲ್ಲಿ, ಹಿರಿಯರ ಫೋಟೋಗಳ ಪಕ್ಕದಲ್ಲೇ ಬಂದೂಕು ನೇತುಹಾಕಿತ್ತು. ಅದನ್ನು ನೋಡಿದ ಕ್ಷಣ ಅಪ್ಪ ಚಪ್ಪಲಿ ಬಿಡುವುದನ್ನೇ ಮರೆತ. ಹೊರದೇಶದ್ದು. ಮರದ ಹಿಡಿ ಹಲಸಿನ ತೊಳೆಯ ಹಾಗೆ ಹೊಳೆಯುತ್ತಿತ್ತು, ಉಕ್ಕಿನ ನಳಿಗೆಯಲ್ಲಿ ಮುಖ ಕಾಣುತ್ತಿತ್ತು. ನನ್ನ ಕೈಗೆ ಕೊಟ್ಟರು. ನಾನು ಭುಜಕ್ಕೆ ಏರಿಸಿದೆ. ಅದರ ಮೂತಿ ನೀರು ಕುಡಿಯಲು ಹೊರಟ ದನದಂತೆ ಮೆಲ್ಲಗೆ ಇಳಿಯುತ್ತಾ ಇಳಿಯುತ್ತಾ ಹೋಗಿ ನೆಲ ನೋಡಿತು. ನಳಿಗೆ ಮಡಚಲು ಹೋದೆ; ಅದು ಜಗ್ಗಲಿಲ್ಲ. ಅಪ್ಪ ಮರದ ಹಿಡಿ ಹಿಡಿದುಕೊಂಡ, ನಾನು ಎರಡು ಕೈಯಲ್ಲೂ ನಳಿಗೆ ಹಿಡಿದು ಜೋತುಬಿದ್ದೆ. ನನ್ನ ಕಾಲು ನೆಲ ಬಿಟ್ಟವು, ಬಂದೂಕು ಮಾತ್ರ ಮಡಚಲಿಲ್ಲ.

“ಮುಂದಿನ್ ವರ್ಸಕ್ಕೆ ಬೆಳೀತಾಳೆ ಬುಡಿ ಸಾರ್,” ಎಂದ ಅಪ್ಪ. ನನ್ನ ಯೂನಿಫಾರಂ ಲಂಗವನ್ನೂ ಅವನು ಹೀಗೆ ಹೇಳಿಯೇ ತರುತ್ತಿದ್ದ. ಒಂದು ವರ್ಷ ಅದನ್ನು ಎದೆಗೇರಿಸಿ ಕಟ್ಟಿಕೊಂಡು ಓಡಾಡುತ್ತಿದ್ದೆ.

ಓವರ್‌ಸಿಯರರೇ ನಳಿಗೆ ಮಡಚಿ, ಗುಂಡು ಹಾಕಿ ಕೊಟ್ಟರು. ಹಿತ್ತಲಲ್ಲಿ ಎರಡು ಪರಂಗಿ ಗಿಡ, ಅವುಗಳ ಹಿಂದೆ ಎತ್ತರದ ಮಣ್ಣಿನ ಏರಿ. ಎಡಗಡೆ ಗಿಡದ ಕೆಳಗಿನ ಕಾಯಿಗೆ ಹೊಡಿ ಎಂದರು. ತಿಪ್ಪೆಯ ಕಟ್ಟೆಗೆ ಬಂದೂಕು ಒರಗಿಸಿಕೊಂಡು ಹೊಡೆದೆ. ಅದು ನನ್ನ ಭುಜಕ್ಕೆ ಕರು ಗುದ್ದಿದ ಹಾಗೆ ಗುದ್ದಿತು. ಬಲಗಡೆ ಗಿಡದ ತುದಿಯಲ್ಲಿದ್ದ ಕಾಯಿಯಿಂದ ಹಾಲು ತೊಟ್ಟಿಕ್ಕತೊಡಗಿತು. ಓವರ್‌ಸಿಯರರು ಬಹಳ ಮರ್ಯಾದಸ್ತರು. “ಪರವಾಗಿಲ್ಲಮ್ಮ, ಅದೂ ನಮ್ಮದೇ” ಎಂದರು.

ಅಪ್ಪನಿಗೆ ಆಗಲೂ ಅದೇ ಬೇಕು. ನಳಿಗೆ ಸವರಿ ಸವರಿ ಮಾತಾಡಿಸುತ್ತಿದ್ದ. ಕೊನೆಗೆ ಓವರ್‌ಸಿಯರರೇ, “ಡಾಕ್ಟ್ರೇ, ಇದು ನಿಮಗೆ ಸರಿಯಾಗಿದೆ, ಮಗೂಗಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಬ್ಬ ಸಾಬರಿದ್ದಾರೆ. ಬೀಗ, ಹೊಲಿಗೆ ಮಿಷನ್ನು, ಏರ್‌ಗನ್ ಎಲ್ಲಾ ರಿಪೇರಿ ಮಾಡ್ತಾರೆ. ಅವರಿಗೆ ತೋರಿಸಿ” ಎಂದರು.

“ಬಂದೂಕ ತೋರಿಸ್ಲಾ ಸಾರ್?”

“ಅಲ್ಲಾರೀ, ಮಗೂನ.”

ಸಾಬರ ಅಂಗಡಿ ಒಂದು ಮಂಚದಷ್ಟು ಅಗಲ ಇತ್ತು. ಅವರಿಗೆ ಬೆಳ್ಳನೆಯ ಗಡ್ಡ, ದಾರ ಕಟ್ಟಿದ ಕನ್ನಡಕ. ಅಪ್ಪ ತನ್ನ ಕತೆಯನ್ನು ಒಂದೇ ತೂತಿನಿಂದ ಶುರುಮಾಡಿದ. ಸಾಬರು ಅವನ ಮಾತು ಕೇಳಿಸಿಕೊಳ್ಳುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಸಾಧಾರಣ ಬಂದೂಕು ತೆಗೆದರು. ಅದರ ಬುಡವನ್ನು ನನ್ನ ಮೊಳಕೈ ಮಡಿಕೆಗಿಟ್ಟು, ಬೆರಳು ಟ್ರಿಗರಿಗೆ ಮುಟ್ಟುತ್ತದೋ ನೋಡಿದರು. ಅರ್ಧ ಬೆರಳು ಸಾಲದು. ಪೆನ್ಸಿಲಿನಿಂದ ಬುಡದ ಮೇಲೆ ಒಂದು ಗೆರೆ ಎಳೆದುಕೊಂಡರು. ಆಮೇಲೆ, “ಹೊಡಿಯೋ ಹಂಗೆ ಹಿಡಿ ಬೇಟಿ” ಎಂದರು. ಹಿಡಿದೆ.

“ಅರೆ! ಕತ್ತು ಯಾಕೆ ಆ ಕಡೆ ಹೋಗ್ತದೆ?”

“ಇಲ್ಲಾಂದ್ರೆ ಕಾಣಲ್ಲ ತಾತ.”

ಸಾಬರು ಬಂದೂಕು ಕೆಳಗಿಟ್ಟು ನನ್ನನ್ನು ಬೀದಿಗೆ ಕರೆತಂದರು. ದೂರದಲ್ಲಿ ದೇವಸ್ಥಾನದ ಗೋಪುರ. “ಎರಡೂ ಕಣ್ಣು ಬಿಟ್ಕೊಂಡು ಆ ಕಳಶಕ್ಕೆ ಬೆರಳು ತೋರ್ಸು. ಹಾಂ. ಈಗ ಎಡಗಣ್ಣು ಮುಚ್ಚು.”

ಮುಚ್ಚಿದೆ. ನನ್ನ ಬೆರಳು ಕಳಶ ಬಿಟ್ಟು ಪಕ್ಕದ ತೆಂಗಿನ ಮರಕ್ಕೆ ಜಿಗಿಯಿತು.

“ಎಡಗಣ್ಣು ಬಿಡು, ಬಲಗಣ್ಣು ಮುಚ್ಚು.”

ಬೆರಳು ಮತ್ತೆ ಕಳಶಕ್ಕೆ ಬಂದು ಕೂತಿತು. ನಾನು ಒಂದೊಂದೇ ಕಣ್ಣು ಮುಚ್ಚುತ್ತಾ, ಬೆರಳನ್ನು ಗೋಪುರದಿಂದ ತೆಂಗಿನ ಮರಕ್ಕೂ ತೆಂಗಿನ ಮರದಿಂದ ಗೋಪುರಕ್ಕೂ ಹಾರಿಸುತ್ತಾ ಬೀದಿಯಲ್ಲೇ ನಿಂತುಬಿಟ್ಟೆ. ಅಪ್ಪನೂ ಬಂದು ಹಾರಿಸಿ ನೋಡಿದ. ಅವನದು ಬಲಗಣ್ಣು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು, ಗೋಪುರಕ್ಕೆ ಏನಾಯಿತೆಂದು ಕೇಳಿದರು.

“ನಿಮ್ಮ ಹುಡುಗಿ ಎಡಗಣ್ಣಿಂದ ನೋಡ್ತದೆ, ಬಲಗೈಯಿಂದ ಹೊಡೀತದೆ,” ಎಂದರು ಸಾಬರು. “ಅದಕ್ಕೇ ಕತ್ತು ಹಂಗೆ. ಬಂದೂಕು ಎಡ ಭುಜಕ್ಕೆ ಕೊಡಿ.”

ಅಪ್ಪ ಗಾಬರಿಯಾದ. “ಎಡಗೈಯಾ ಸಾಬ್ರೇ? ನಮ್ಮವ್ವ ಅಷ್ಟು ಕಷ್ಟಪಟ್ಟು ಬಿಡಿಸ್ಬುಟ್ಟವ್ಳಲ್ಲ!”

“ಅನ್ನ ಬಲಗೈಲೇ ತಿನ್ಲಿ. ಗುಂಡಿಗೆ ಎಡ ಬಲ ಇಲ್ಲ.”

ನಾನು ಬಂದೂಕನ್ನು ಎಡ ಭುಜಕ್ಕಿಟ್ಟೆ. ಕೆನ್ನೆ ತಾನಾಗಿಯೇ ಮರದ ಮೇಲೆ ಕೂತಿತು. ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ಸಾಬರು ಅದನ್ನು ಮಕ್ಖಿ, ಅಂದರೆ ನೊಣ, ಎನ್ನುತ್ತಿದ್ದರು. ಆ ನೊಣ ಹಾರಾಡದೆ, ನಡುಗದೆ, ಕಣ್ಣೆದುರು ಬಂದು ತೆಪ್ಪಗೆ ಕೂತುಬಿಟ್ಟಿತು. ನನ್ನ ಮೈಯೆಲ್ಲ ಹಗುರವಾಗಿ, ಈಗ ಅಂಗಡಿಯ ಸೂರಿಗೆ ತಲೆ ತಾಗುತ್ತದೇನೋ ಅನ್ನಿಸಿತು. ಮೂರು ವರ್ಷದವಳಿದ್ದಾಗ ಲಾಡಿಗೆ ಕಟ್ಟಿಸಿಕೊಂಡಿದ್ದ ಕೈ ಅದು. ಇನ್ನು ಮೇಲೆ ಹಗಲು ಹೊತ್ತಿನಲ್ಲಿ, ಎಲ್ಲರೆದುರಿಗೆ, ಅದರಿಂದಲೇ ಹೊಡೆಯಬಹುದು! ಯಾಕೆಂದು ಹೇಳಲಾಗದೆ ಗಟ್ಟಿಯಾಗಿ ನಗತೊಡಗಿದೆ. “ಕ್ಯಾ ಹುವಾ?” ಎಂದ ಸಾಬರೂ ಆಮೇಲೆ ನಕ್ಕರು.

ಸಾಬರು ಬಂದೂಕಿನ ಬುಡವನ್ನು ಗೆರೆಯ ಗುಂಟ ಗರಗಸದಿಂದ ಕೊಯ್ದರು. ಬಿದ್ದ ಮರದ ಬಿಲ್ಲೆಯನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಕೊಟ್ಟು, ಬೆಳೆದ ಮೇಲೆ ತನ್ನಿ, ಮತ್ತೆ ಸ್ಕ್ರೂ ಹಾಕಿಕೊಡುತ್ತೇನೆ ಎಂದರು. ಹತ್ತನೇ ಕ್ಲಾಸಿಗೆ ಹೋಗುವ ಮೊದಲು ಅದೂ ಆಯಿತು. ಅವತ್ತು ನಳಿಗೆ ಮಡಚುವುದನ್ನು ನನ್ನ ಕೈಯಲ್ಲೇ ಇಪ್ಪತ್ತು ಸಲ ಮಾಡಿಸಿದರು. ಇಪ್ಪತ್ತನೆಯ ಸಲವೂ ಮಡಚಿದ ಮೇಲೆಯೇ ಅಪ್ಪನಿಗೆ ತಲೆಯಾಡಿಸಿದ್ದು. ದುಡ್ಡು ಎಣಿಸಿಕೊಂಡು ಬಂದೂಕು ಕೊಡುವಾಗ ಮಾತ್ರ ನಗು ಬಿಟ್ಟು ಹೇಳಿದರು: “ಗುಂಡಿಲ್ಲ ಅಂತ ಯಾವತ್ತೂ ನಂಬಬೇಡ. ಮೂತಿ ಮನುಷ್ಯನ ಕಡೆ ಹೋಗಬಾರದು. ಹಕ್ಕಿಗೆ ಹೊಡೆದ್ರೆ ಬಂದೂಕು ವಾಪಸ್ ನಂಗೆ. ಸಮ್ಜೀ ಕ್ಯಾ?”

ಹಳೆಯ ದುಪ್ಪಟಿಯಲ್ಲಿ ಸುತ್ತಿದ ಬಂದೂಕನ್ನು ಮಡಿಲಿನಲ್ಲಿ ಅಡ್ಡ ಇಟ್ಟುಕೊಂಡು ನಾನು ಸ್ಕೂಟರಿನ ಹಿಂದೆ ಕೂತೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಪಕ್ಕದ ಟ್ರಾಕ್ಟರಿನವರು ಅದೇನು ಎಂದು ಕೇಳಿದರು. ಅಪ್ಪ ಬಹಳ ಗಂಭೀರವಾಗಿ, “ಎಮ್ಮೆ ಗಂಟಲು ನೋಡೋ ಸಾಮಾನು” ಎಂದ. “ಓ, ಒಸದಾಗಿ ಬಂದದಾ?” ಎಂದು ಅವರು ದಾರಿ ಬಿಟ್ಟರು.

ಹಿತ್ತಲಲ್ಲಿ ಮರಳು ತುಂಬಿದ ಗೋಣಿಚೀಲಗಳನ್ನು ಒಟ್ಟಿ, ಮೇಲೆ ಹಾಳೆ ಅಂಟಿಸಿ ಅಭ್ಯಾಸ ಶುರುಮಾಡಿದೆವು. ಎಡ ಭುಜದಿಂದ ಹೊಡೆದ ಮೊದಲ ಐದು ಗುಂಡು ಐದು ದಿಕ್ಕಿಗೆ ಹೋದವು. ಅಪ್ಪನ ಮುಖ ಇಳಿಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಮಾತ್ರ, “ಸುಮ್ಕಿರು, ಆ ಕೈ ಈಗಿನ್ನೂ ಅಂಬೆಗಾಲಿಕ್ತಾ ಅದೆ” ಎಂದಳು. ಸಂಕ್ರಾಂತಿ ಹೊತ್ತಿಗೆ ಗುಂಡುಗಳು ಒಟ್ಟಿಗೆ ಸೇರತೊಡಗಿದವು. ಶಿವರಾತ್ರಿ ಹೊತ್ತಿಗೆ ಅವ್ವ ಹಾಳೆಗಳನ್ನು ಎಣ್ಣೆ ಡಬ್ಬದ ಕೆಳಗೆ ಹಾಸುವುದನ್ನು ಬಿಟ್ಟು, ಪೆಟ್ಟಿಗೆಯಲ್ಲಿಡಲು ಶುರುಮಾಡಿದಳು.

ಜಿಲ್ಲಾ ಸ್ಪರ್ಧೆಯ ದಿನ ಹನ್ನೊಂದು ಹುಡುಗಿಯರು ಒಂದೇ ಸಾಲಿನಲ್ಲಿ ನಿಂತೆವು. ಆಗ ಗೊತ್ತಾದ ವಿಷಯ ಒಂದಿದೆ. ಬಲ ಭುಜದಿಂದ ಹೊಡೆಯುವವರೆಲ್ಲ ಒಂದೇ ಕಡೆಗೆ ಎದೆ ಮಾಡಿ ನಿಲ್ಲುತ್ತಾರೆ, ಎಡ ಭುಜದವಳೊಬ್ಬಳೇ ಅದಕ್ಕೆ ಎದುರಾಗಿ. ಹಾಗಾಗಿ ಉಳಿದವರಿಗೆಲ್ಲ ಮುಂದಿನವಳ ಬೆನ್ನು ಕಂಡರೆ, ನನಗೂ ನನ್ನ ಎಡಗಡೆಯವಳಿಗೂ ಮುಖಕ್ಕೆ ಮುಖ. ಆಕೆ ಮಳವಳ್ಳಿ ಕಡೆಯವಳು, ಎರಡು ಜಡೆ. ಒಂದು ಗುಂಡು ಹೊಡೆದು ಬಂದೂಕು ಇಳಿಸಿ ಕಣ್ಣೆತ್ತಿದರೆ ಅವಳು ನನ್ನನ್ನೇ ನೋಡುತ್ತಿರುತ್ತಿದ್ದಳು. ಎರಡನೆಯ ಗುಂಡಿಗೆ ಅವಳ ತುಟಿ ಅದುರಿತು. ಮೂರನೆಯದಕ್ಕೆ ನನ್ನದು. ನಾಲ್ಕನೆಯದರ ಹೊತ್ತಿಗೆ ಇಬ್ಬರೂ ಬಂದೂಕು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿಕೊಂಡು, ಭುಜ ಕುಣಿಸುತ್ತಾ ನಗುತ್ತಿದ್ದೆವು. ತೀರ್ಪುಗಾರರು ಬಂದು, “ಏನಮ್ಮಾ ಇದು, ಮದುವೆ ಮನೇನಾ?” ಎಂದು ಗದರಿದರು. ಅದರಿಂದ ನಗು ಇನ್ನೂ ಜಾಸ್ತಿಯಾಯಿತು.

ನಾನು ಐದನೆಯವಳಾದೆ, ಅವಳು ಆರನೆಯವಳು. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೇ ಪೊಟ್ಟಣದಿಂದ ಹುರಿದ ಕಡ್ಲೆಕಾಯಿ ತಿಂದೆವು. ನಾನು ಎಡಗೈಯಲ್ಲಿ ಸುಲಿಯುತ್ತಿದ್ದೆ.