ಬೋರ್ಡಮ್ಮನ ಬಲಗಡೆ

ನನ್ನ ಹೆಂಡತಿಗೆ ಬೇಕರಿಯಲ್ಲಿ ಬೋರ್ಡಮ್ಮ ಎಂದು ಹೆಸರಿಟ್ಟವನು ನಾನೇ. ನಾನು ಕೆಳಗೆ ಭಟ್ಟಿಯ ಪಕ್ಕದಲ್ಲಿ ಹಿಟ್ಟು ನಾದುತ್ತೇನೆ. ಅವಳು ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ನಮ್ಮ ಅಂಗಡಿಗಳಲ್ಲಿ ಎಷ್ಟು ಮಾರಿತು, ಎಷ್ಟು ಉಳಿದು ವಾಪಸು ಬಂತು ಎಂಬುದನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ನೋಡಿಕೊಳ್ಳುತ್ತಾಳೆ. ಅಚ್ಚುಕಟ್ಟೆಂದರೆ ಅವಳಿಗೆ ಪ್ರಾಣ. ನನ್ನ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಅವಳಿಗೆ ಊಟ ರುಚಿಸುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಇಂಥವಳು ಸಿಕ್ಕಿದ್ದು ನನ್ನ ಪುಣ್ಯ. ಇದನ್ನು ಅವಳೆದುರು ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಆ ಬೋರ್ಡಿನ ಎಡಭಾಗಕ್ಕೆ ಮಾರಾಟದ ಮಾಹಿತಿ ಬರುವುದು ಅಂಗಡಿಗಳ ಬಿಲ್ಲಿನ ಯಂತ್ರದಿಂದ. ಅಲ್ಲಿ ಪ್ರತಿ ಅಂಗಡಿಗೂ ಬೀದಿಯ ಹೆಸರು. ಬಲಭಾಗಕ್ಕೆ ವಾಪಸಿನ ಮಾಹಿತಿ ಬರುವುದು ವ್ಯಾನ್ ಡ್ರೈವರನ ಫೋನಿನಿಂದ. ಸಂಜೆ ಉಳಿದ ಬ್ರೆಡ್ಡು ಬನ್ನು ಎತ್ತಿಕೊಂಡು ಬರುವ ಆತನಿಗೂ ಬೀದಿಯ ಹೆಸರಿಗೂ ಆಗಿಬರುವುದಿಲ್ಲ. ‘ಹಲ್ಲಿನ ಡಾಕ್ಟರ ಕೆಳಗೆ’, ‘ಪೆಟ್ರೋಲ್ ಬಂಕ್ ಎದುರು’ ಎಂದು ತನಗೆ ತೋಚಿದ ಗುರುತು ಹಾಕುತ್ತಾನೆ. ಎರಡೂ ಒಂದೇ ಅಂಗಡಿ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಎಡಗಡೆ ಒಂದು ಅಂಗಡಿಯನ್ನು ಆರಿಸಿದವರು ಬಲಗಡೆಯೂ ಅದನ್ನೇ ಹುಡುಕಿ ಆರಿಸಬೇಕಿತ್ತು. ನನ್ನವಳ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಬೇರೆಯವರಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ದಿನ ಬೇಕರಿಯ ಯಜಮಾನರು ಕಾಲುವೆ ಬೀದಿಯ ಅಂಗಡಿಯನ್ನು ತಿಂಗಳ ಕೊನೆಗೆ ಮುಚ್ಚುವುದೆಂದು ಹೇಳಿಬಿಟ್ಟರು. ಮಾರಾಟ ಕಮ್ಮಿ, ವಾಪಸು ವಿಪರೀತ, ಬೋರ್ಡಿನಲ್ಲೇ ಕಾಣುತ್ತಿದೆಯಲ್ಲ ಎಂದರು. ಆ ಅಂಗಡಿ ನೋಡಿಕೊಳ್ಳುವವರು ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಅವರ ಜೀವನ ನಡೆಯುತ್ತಿದ್ದದ್ದು ಅದರಿಂದಲೇ. ಅದಕ್ಕಿಂತ ಹೆಚ್ಚಾಗಿ, ಅವರು ಮತ್ತೆ ನಾಲ್ಕು ಜನರ ಜೊತೆ ನಗಲು ಶುರುಮಾಡಿದ್ದೇ ಆ ಗಲ್ಲಾದ ಹಿಂದೆ ನಿಂತ ಮೇಲೆ.

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. ತಟ್ಟೆಯಲ್ಲಿ ಒಂದು ಚೂರೂ ಬಿಡದ ಅತ್ತಿಗೆ ಅಷ್ಟು ಬ್ರೆಡ್ಡು ಹಾಳುಮಾಡುತ್ತಾರೆಯೇ ಎಂದು ಕೇಳಿದೆ. ಬೋರ್ಡು ನೆಂಟರು ಇಷ್ಟರು ಅಂತ ನೋಡುವುದಿಲ್ಲ ಎಂದು ಅವಳೂ ಬಿಡಲಿಲ್ಲ. ಅಂದು ಇಬ್ಬರೂ ಮುಖ ತಿರುಗಿಸಿಕೊಂಡೇ ಉಂಡೆವು.

ಮರುದಿನ ಯಜಮಾನರು ಬರುವ ಮೊದಲೇ ಅವಳು ಅವರ ಕಂಪ್ಯೂಟರಿನ ಮುಂದೆ ಕೂತು, ಅವರು ಮಾಡುವಂತೆಯೇ ಎಡಗಡೆ ಮಾತ್ರ ಕಾಲುವೆ ಬೀದಿಯನ್ನು ಆರಿಸಿದಳಂತೆ. ಎಡಗಡೆಯ ಅಂಕಿಗಳೆಲ್ಲ ಒಟ್ಟಿಗೆ ಬದಲಾದವು. ಬಲಗಡೆ ಮಾತ್ರ ಹಿಂದೆ ಯಾವಾಗಲೋ ಆರಿಸಿಟ್ಟಿದ್ದ ‘ಹಲ್ಲಿನ ಡಾಕ್ಟರ ಕೆಳಗೆ’ ಜಗ್ಗದೆ ಕೂತಿತ್ತು. ಅತ್ತಿಗೆಯ ಮಾರಾಟದ ಪಕ್ಕದಲ್ಲಿ ಇನ್ಯಾರದೋ ಅಂಗಡಿಯ ವಾಪಸು ಬ್ರೆಡ್ಡು. ಅವಳು ಒಂದೇ ಉಸಿರಿಗೆ ಮೆಟ್ಟಿಲಿಳಿದು ಬಂದು ನನ್ನ ಮುಂದೆ ನಿಂತಳು.

“ತಪ್ಪು ನಂದೇ ರೀ. ಎರಡು ಕಡೆ ಆರಿಸ್ಬೇಕು ಅಂತ ಯಜಮಾನ್ರಿಗೆ ಹೇಗೆ ಗೊತ್ತಾಗ್ಬೇಕು?”

ಮದುವೆಯಾದಾಗಿನಿಂದ ನಾನು ಕಾದು ಕೂತಿದ್ದ ಮಾತು. ಆದರೆ ಅವಳ ಮುಖ ನೋಡಿ ಚುಡಾಯಿಸಲು ಮನಸ್ಸಾಗಲಿಲ್ಲ.

ಅವಳು ಬೀದಿಯ ಹೆಸರುಗಳ ಪಕ್ಕಕ್ಕೆ ಡ್ರೈವರನ ಗುರುತುಗಳನ್ನು ಜೋಡಿಸಿದಳು. ಪರದೆಯ ಮೇಲ್ಗಡೆ ಆರಿಸುವ ಜಾಗ ಒಂದೇ ಇಟ್ಟಳು. ಅಲ್ಲಿ ಆರಿಸಿದ್ದನ್ನೇ ಎರಡೂ ಭಾಗಗಳು ತೋರಿಸಬೇಕು. ಉಳಿದ ಅಂಗಡಿಗಳಿಗೆಲ್ಲ ಜೋಡಿ ಸಿಕ್ಕಿತು, ಕಾಲುವೆ ಬೀದಿಗೆ ಮಾತ್ರ ಸಿಗಲಿಲ್ಲ. ಅದನ್ನು ಬಲಗಡೆ ಹುಡುಕುವ ಪ್ರಸಂಗ ಅವಳಿಗೆ ಅದುವರೆಗೆ ಬಂದೇ ಇರಲಿಲ್ಲ. ಡ್ರೈವರನನ್ನು ಕರೆಸಿ ಕೇಳಿದಳು. ಆತ ತಲೆ ಕೆರೆದುಕೊಂಡ.

“ಸಂಜೆ ಅಲ್ಲಿ ನಾನು ಗಾಡಿನೇ ನಿಲ್ಸಲ್ಲ ಮೇಡಂ. ಏನಾದ್ರೂ ಉಳಿದಿದ್ರೆ ತಾನೇ?”

ಜೋಡಿ ಸಿಗದಿದ್ದರೆ ಬಲಗಡೆ ಹಳೆಯದನ್ನು ಹಿಡಿದುಕೊಂಡು ಕೂರದೆ ಖಾಲಿಯಾಗುವಂತೆ ಅವಳು ಅದನ್ನೂ ಸರಿಪಡಿಸಿದಳು. ಯಜಮಾನರು ಬಂದು ಕಾಲುವೆ ಬೀದಿ ಆರಿಸಿದರು. ಬಲಗಡೆ ಏನೂ ಇಲ್ಲ. ಅವರು ಕನ್ನಡಕ ಒರೆಸಿಕೊಂಡು, ಬೋರ್ಡು ಕೆಟ್ಟಿದೆಯೇನೋ ಎಂದರು. ಕೆಟ್ಟಿಲ್ಲ, ಅಲ್ಲಿಂದ ಏನೂ ವಾಪಸು ಬರುವುದೇ ಇಲ್ಲ ಎಂದು ಇವಳು ಬಿಡಿಸಿ ಹೇಳಿದರೂ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಕಣ್ಣಾರೆ ನೋಡಿಯೇಬಿಡೋಣ ಎಂದು ಸಂಜೆ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟರು.

ಅಂಗಡಿಯಲ್ಲಿ ಅತ್ತಿಗೆ ಖಾಲಿ ಟ್ರೇಗಳನ್ನು ಒರೆಸುತ್ತಿದ್ದರು. ತಡವಾಗಿ ಬಂದ ಗಿರಾಕಿಯೊಬ್ಬ ಗೊಣಗುತ್ತ ಬರಿಗೈಯಲ್ಲಿ ಹೊರಟುಹೋದ. ತಮಗಾದರೂ ಒಂದು ಬನ್ನು ಸಿಗಬಹುದೇ ಎಂದು ಯಜಮಾನರು ಕೇಳಿದರು, ಅದೂ ಇರಲಿಲ್ಲ. ಮಾರಾಟ ಕಮ್ಮಿ ಇದ್ದದ್ದು ಯಾಕೆಂದು ಅವರಿಗೆ ಆಗ ಹೊಳೆದಿರಬೇಕು. ಅಲ್ಲಿಗೆ ನಾವು ಕಳಿಸುತ್ತಿದ್ದದ್ದೇ ಕಮ್ಮಿ. ಅಂಗಡಿ ಮುಚ್ಚುವ ಮಾತು ಬಿಡಿ, ನಾಳೆಯಿಂದ ಎರಡು ಟ್ರೇ ಜಾಸ್ತಿ ಕಳಿಸುತ್ತೇನೆ ಎಂದರು.

ನನ್ನ ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತಿಗೆ ಒರೆಸುವ ಬಟ್ಟೆ ಮಡಿಸಿಟ್ಟು ಯಜಮಾನರ ಕಡೆ ತಿರುಗಿದರು.

“ಒಂದು ಸಾಕು ಯಜಮಾನ್ರೇ. ಎರಡು ಕಳಿಸಿದ್ರೆ ಉಳಿಯುತ್ತೆ.”